ಟೀಚರ ತೋಳಿನ ಬಿಚ್ಚಿದ ಅಂಚು

ಸೆಪ್ಟೆಂಬರ್ 9

ಪ್ರೀತಿಯ ಚಿಕ್ಕಿ,

ಹೋದ ಭಾನುವಾರ ಫೋನಿನಲ್ಲಿ ನೀನು "ಏನೇ ಅದು, ಬರೀ ಹೂಂ ಹೂಂ ಅಂತೀಯ?" ಅಂದೆ. ಫೋನು ಮಾಡುವಾಗ ಅಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೋಣೆ ಮೂರನೇ ಮಹಡಿಯಲ್ಲಿದೆ. ಕೆಳಗೆ ಬಣ್ಣದ ಡಬ್ಬ ಮಾರುವ ಅಂಗಡಿ. ಮೆಟ್ಟಿಲಿಗೆಲ್ಲ ಅದರದೇ ವಾಸನೆ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇದ್ದಾರೆ ಅಂತ ನಾವು ಎಲ್ಲರಿಗೂ ಹೇಳುತ್ತಿದ್ದೆವಲ್ಲ, ಅವರು ಒಗೆಯುವುದಿಲ್ಲವಂತೆ. ಒಗೆಯುವುದು ಮಿಷನ್. ಅಮ್ಮ ಮಡಚುತ್ತಾರೆ. ಮಧ್ಯಾಹ್ನ ಒಂದಕ್ಕೆ ಹೋದರೆ ಬರುವುದು ಒಂಬತ್ತಕ್ಕೆ. ನಾನು ಸ್ಕೂಲಿಂದ ಬಂದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇನೆ. ಬೀದಿ ಕಡೆಯ ದೀಪ ಹಾಕುವುದಿಲ್ಲ. ಹಾಕಿದರೆ ಒಳಗೆ ನಾನೊಬ್ಬಳೇ ಇರುವುದು ಕಾಣುತ್ತದೆ. ಬಚ್ಚಲಿನ ದೀಪ ಹಾಕಿ ಬಾಗಿಲನ್ನು ಒಂದು ಗೇಣು ತೆರೆದಿಟ್ಟರೆ ಓದುವಷ್ಟು ಬೆಳಕು ಬರುತ್ತದೆ.

ಸ್ಕೂಲು ದೊಡ್ಡದು. ಒಂದೊಂದು ಪಾಠಕ್ಕೆ ಒಂದೊಂದು ಕೋಣೆ. ಗಂಟೆ ಹೊಡೆದರೆ ಎಲ್ಲರೂ ಒಂದೇ ಸಲ ಹೊರಗೆ ಬರುತ್ತಾರೆ. ನಾನು ಗೋಡೆಗೆ ಅಂಟಿಕೊಂಡು ನಡೆಯುತ್ತೇನೆ. ಇಲ್ಲಿಯವರ ಭಾಷೆ ಈಗ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಅರ್ಥವಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನೀನು ಗಲ್ಲ ಹಿಡಿದು ಹೇಳಿದ್ದು ನೆನಪಿದೆ. "ಅಲ್ಲಿ ಯಾರೇ ಕೇಳಲಿ, ಮನೆ ವಿಷಯ ಬಾಯಿ ಬಿಡಬೇಡ ಗುಂಡಿ. ಬಿಟ್ರೆ ನಿನ್ನನ್ನ ಅಮ್ಮನ ಹತ್ರ ಇರೋಕೆ ಬಿಡಲ್ಲ, ಕರ್ಕೊಂಡು ಹೋಗ್ಬಿಡ್ತಾರೆ." ನಾನು ಬಿಟ್ಟಿಲ್ಲ. ಆದರೆ ಯಾವುದು ಮನೆ ವಿಷಯ, ಯಾವುದು ಅಲ್ಲ ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂರುವ ಹುಡುಗಿ "ಬೆಳಿಗ್ಗೆ ಏನು ತಿಂದೆ?" ಅಂತ ಕೇಳಿದಳು. ಅದು ಮನೆ ವಿಷಯ ತಾನೇ? ಅದಕ್ಕೇ ನಾನು ಯಾವ ಮಾತನ್ನೂ ಆಡುವುದಿಲ್ಲ. ಒಂದನ್ನೂ.

ಅವತ್ತು ಬಸ್ಸು ಹೊರಡುವ ಮೊದಲೇ ನೀನು ಹೋಗಿಬಿಟ್ಟೆ. "ಅಂಗಡಿಗೆ ಹೊತ್ತಾಯ್ತು" ಅಂದೆ. ಅವತ್ತು ಭಾನುವಾರ, ಚಿಕ್ಕಿ.

ನಿನ್ನ
ಗುಂಡಿ


ಸೆಪ್ಟೆಂಬರ್ 30

ನನ್ನ ಗುಂಡಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಕ್ಷರ ಎಷ್ಟು ದುಂಡಗಿವೆ! ನನ್ನದು ಐದನೇ ಕ್ಲಾಸಿಗೆ ನಿಂತ ಕೈ. ನೂಲು ಹಿಡಿದರೆ ನೆಟ್ಟಗೆ ಹೋಗುತ್ತದೆ, ಪೆನ್ನು ಹಿಡಿದರೆ ಸೊಟ್ಟಗೆ. ನಗಬೇಡ.

ನೀನು ಜಾಣೆ. ಹಾಗೇ ಇರು. ಪರದೆ ಹೊಲಿಸಲು ಬರುವ ಕನ್ನಡಕದ ಹೆಂಗಸು ಮೊನ್ನೆಯೂ ಹೇಳಿದಳು, ನೀವಿರುವ ಕಡೆಯೇ ಇರುವ ಅವಳ ಓರಗಿತ್ತಿಯ ಮಗು ಮನೆಯಲ್ಲಿ ಒಂಟಿಯಾಗಿರುತ್ತದೆ ಅಂತ ಸ್ಕೂಲಿಗೆ ಗೊತ್ತಾಗಿ ದೊಡ್ಡ ರಾದ್ಧಾಂತವಾಯಿತಂತೆ. ಅಕ್ಕ ಒಂಬತ್ತು ವರ್ಷ ಒಬ್ಬಳೇ ದುಡಿದು ನಿನ್ನನ್ನು ಕರೆಸಿಕೊಂಡಿದ್ದಾಳೆ. ಒಂದು ಮಾತಿಗೆ ಎಲ್ಲ ಹಾಳಾಗಬಾರದು.

ಇಲ್ಲಿ ಯೂನಿಫಾರಂ ಕೆಲಸ ಮುಗಿಯಿತು. ಅಂಗಡಿಯ ಮಾಸ್ಟರ್ ಹೊಸ ಕತ್ತರಿ ತಂದು, ಅದನ್ನು ಯಾರೂ ಮುಟ್ಟದ ಹಾಗೆ ಕುತ್ತಿಗೆಗೆ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ನಿನ್ನ ವಿಷಯ ಬಂದರೆ ಈಗಲೂ ಅದೇ ಕಥೆ: "ನಾಲ್ಕು ವರ್ಷದವಳು ನನ್ನ ಅಂಗಡಿ ಗುಂಡಿ ನುಂಗಿ ಮೂರು ದಿನ ಕಾಯಿಸಿದ್ಲು. ಆ ಗುಂಡಿ ಇನ್ನೂ ವಾಪಸ್ ಬಂದಿಲ್ಲ, ಅವಳ ಹೆಸರಲ್ಲೇ ಇದೆ!" ಹೇಳಿ ತಾವೇ ನಗುತ್ತಾರೆ. ಬೇರೆ ಯಾರೂ ನಗುವುದಿಲ್ಲ.

ನನ್ನ ಮಿಷನ್ನಿನ ಎದುರಿಗೆ ನೀನು ಕೂರುತ್ತಿದ್ದ ಸ್ಟೂಲು ಅಲ್ಲೇ ಇದೆ. ಮಾಸ್ಟರ್ ನೂಲಿನ ಪೆಟ್ಟಿಗೆ ಇಡಲು ಕೇಳಿದರು. ಕಾಲು ಅಲ್ಲಾಡುತ್ತದೆ, ಭಾರ ತಡೆಯುವುದಿಲ್ಲ ಅಂತ ಹೇಳಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಚಿಕ್ಕಿ


ಅಕ್ಟೋಬರ್ 27

ಪ್ರೀತಿಯ ಚಿಕ್ಕಿ,

ಆ ಸ್ಟೂಲಿನ ಕಾಲು ಅಲ್ಲಾಡುವುದಿಲ್ಲ. ನನಗೆ ಗೊತ್ತು.

ನಮ್ಮ ಸ್ಕೂಲಿನಲ್ಲಿ ಪಾಠ ಮಾಡದ ಒಬ್ಬ ಟೀಚರ್ ಇದ್ದಾರೆ. ಮಕ್ಕಳ ಮನಸ್ಸಿನಲ್ಲಿ ಏನಿದೆ ಅಂತ ಕೇಳುವುದಷ್ಟೇ ಅವರ ಕೆಲಸ. ನಾನು ಅವರಿಗೆ ಕೇಳೋ ಟೀಚರ್ ಅಂತ ಹೆಸರಿಟ್ಟಿದ್ದೇನೆ. ವಾರಕ್ಕೆ ಎರಡು ಸಲ ನನ್ನನ್ನು ಅವರ ಕೋಣೆಗೆ ಕರೆಯುತ್ತಾರೆ. ಎದುರುಬದುರು ಎರಡು ಕುರ್ಚಿ, ನಡುವೆ ಒಂದು ಪುಟ್ಟ ಮೇಜು, ಮೇಜಿನ ಮೇಲೆ ಕಣ್ಣೊರೆಸುವ ಕಾಗದದ ಪೆಟ್ಟಿಗೆ. ಅಳು ಬರುವ ಮೊದಲೇ ಕಾಗದ ಇಟ್ಟಿದ್ದರೆ ಯಾರಿಗೆ ತಾನೇ ಅಳು ಬರುತ್ತದೆ?

ಅವರು ನನ್ನ ಕಣ್ಣನ್ನೇ ನೋಡಿಕೊಂಡು ಕೇಳುತ್ತಾರೆ. ಮನೆಯಲ್ಲಿ ಯಾರ್ಯಾರಿದ್ದಾರೆ, ಸಂಜೆ ಏನು ಮಾಡುತ್ತೀಯ, ನಿನಗೆ ಹೇಗನ್ನಿಸುತ್ತದೆ. ಗೋಡೆಯ ಮೇಲೆ ಹದಿನಾರು ಮುಖ ಬರೆದ ಹಾಳೆ ಇದೆ. ನಗುವ ಮುಖ, ಅಳುವ ಮುಖ, ಹಲ್ಲು ಕಡಿಯುವ ಮುಖ. ನಿನ್ನದು ಯಾವುದು ತೋರಿಸು ಅನ್ನುತ್ತಾರೆ. ಅಳುವುದನ್ನು ತೋರಿಸಿದರೆ ಮನೆಯಲ್ಲಿ ಏನೋ ಆಗಿದೆ ಅಂದುಕೊಳ್ಳುತ್ತಾರೆ. ನಗುವುದನ್ನು ತೋರಿಸಿದರೆ ಸುಳ್ಳಾಗುತ್ತದೆ. ನಾನು ಬಾಯಿ ಗೆರೆಯ ಹಾಗಿರುವ ಮುಖವನ್ನೇ ಪ್ರತಿ ಸಲ ತೋರಿಸುತ್ತೇನೆ.

ಅವರ ಅಂಗಿಯ ಬಲತೋಳಿನ ಅಂಚು ಬಿಚ್ಚಿಹೋಗಿದೆ. ಪಿನ್ನು ಹಾಕಿಕೊಂಡಿದ್ದಾರೆ, ಅದೂ ಹಿಂದುಮುಂದಾಗಿ. ನಾನು ಅದನ್ನೇ ನೋಡುತ್ತಾ ಕೂರುತ್ತೇನೆ. ಹನ್ನೆರಡು ಹೊಲಿಗೆ ಹಾಕಿದರೆ ಸಾಕು.

ನನಗೆ ಕಿವಿ ಕೇಳಿಸುವುದಿಲ್ಲವೇನೋ ಅಂತ ಹೋದ ವಾರ ಪರೀಕ್ಷೆ ಮಾಡಿಸಿದರು. ಕಿವಿಗೆ ಹೆಡ್‌ಫೋನು ಹಾಕಿ, ಕೀಂ ಅಂದಾಗ ಬಟನ್ ಒತ್ತು ಅಂದರು. ಎಲ್ಲದಕ್ಕೂ ಒತ್ತಿದೆ. ಡಾಕ್ಟರು "ಇಷ್ಟು ಚೆನ್ನಾಗಿ ಕೇಳಿಸೋ ಕಿವಿ ನಾನೇ ನೋಡಿಲ್ಲ" ಅಂದರು. ಸ್ಕೂಲಿನ ಕಾಗದವನ್ನು ಅಮ್ಮನಿಗೆ ನಾನೇ ಓದಿ ಹೇಳಿದೆ. ಎಲ್ಲ ಮಕ್ಕಳಿಗೂ ವರ್ಷಕ್ಕೊಂದು ಸಲ ಕಿವಿ ನೋಡುತ್ತಾರೆ ಅಂತ ಹೇಳಿದೆ. ಅಮ್ಮ ತಲೆ ಸವರಿದರು.

ನಿನ್ನ
ಗುಂಡಿ


ನವೆಂಬರ್ 20

ತಂಗಿ,

ಬರೆಯಲು ಪುರುಸೊತ್ತಿಲ್ಲ. ಊಟದ ವಿರಾಮದಲ್ಲಿ, ಮಡಚಿದ ಬಟ್ಟೆಯ ಗಂಟಿನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ.

ಸ್ಕೂಲಿನಿಂದ ಮತ್ತೊಂದು ಪತ್ರ ಬಂತು. ಈ ಸಲ ಮಗಳ ಕೈಗೆ ಕೊಡದೆ ಕೆಲಸದ ಗೆಳತಿಯಿಂದ ಓದಿಸಿದೆ. ಅವಳು ಸ್ಕೂಲಿಗೆ ಸೇರಿದ ದಿನದಿಂದ ಇವತ್ತಿನವರೆಗೆ ಒಂದೇ ಒಂದು ಮಾತನ್ನೂ ಆಡಿಲ್ಲವಂತೆ. ಟೀಚರ ಹತ್ತಿರವೂ ಇಲ್ಲ, ಮಕ್ಕಳ ಹತ್ತಿರವೂ ಇಲ್ಲ. ಮಾರ್ಚ್ ಮುಗಿಯುವವರೆಗೂ ಹೀಗೇ ಇದ್ದರೆ ಮಾತು ಬಾರದ ಮಕ್ಕಳ ಬೇರೆ ಸ್ಕೂಲಿಗೆ ಹಾಕುತ್ತಾರಂತೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಮಾತು ಬರುವ ಮಗುವನ್ನು ಅಲ್ಲಿ ಕೂರಿಸಿದರೆ ಇರುವ ಮಾತೂ ಹೋಗುತ್ತದೆ.

ನನ್ನ ಹತ್ತಿರ ಅವಳದು ಮೂರೇ ಮಾತು. "ಹೂಂ", "ಬೇಡ", "ಆಯ್ತು". ಮೂರು ವರ್ಷದ ಮಗುವನ್ನು ಬಿಟ್ಟು ಬಂದವಳಿಗೆ ಅಷ್ಟೇ ಸಿಗುವುದು ಅಂತ ಸುಮ್ಮನಿದ್ದೆ. ನಿನಗೆ ಪುಟಗಟ್ಟಲೆ ಬರೆಯುತ್ತಾಳೆ, ಲಕೋಟೆಯ ದಪ್ಪ ನೋಡಿದರೇ ಗೊತ್ತಾಗುತ್ತದೆ. ನಾನು ಒಡೆದು ಓದಿಲ್ಲ.

ನೀನು ಅವಳಿಗೆ ಏನು ಹೇಳಿ ಕಳಿಸಿದೆ?

ಅಕ್ಕ


ಡಿಸೆಂಬರ್ 8

ಗುಂಡಿ,

ಅಕ್ಕನ ಕಾಗದ ಬಂತು. ಓದಿ ಒಂದು ಇಡೀ ಪ್ಯಾಂಟನ್ನು ಉಲ್ಟಾ ಹೊಲಿದುಬಿಟ್ಟೆ. ಮಾಸ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಹೇಳಿದ್ದು ತಪ್ಪು. ಅಂಗಡಿಗೆ ಬಂದವಳೊಬ್ಬಳ ಮಾತು ಕೇಳಿ ಹೆದರಿ, ಆ ಹೆದರಿಕೆಯನ್ನು ನಿನ್ನ ಬಾಯಿಗೆ ಹಾಕಿ ಕಳಿಸಿದೆ. ನೀನು ಅದನ್ನೂ ನುಂಗಿಕೊಂಡೆ. ನಾನು ಹೇಳಿದ್ದು ಮನೆಯ ವಿಷಯ ಮಾತ್ರ ಕಣೇ. ಬಣ್ಣದ ಹೆಸರು, ಲೆಕ್ಕ, ಪಕ್ಕದ ಹುಡುಗಿಯ ಹತ್ತಿರ ಪೆನ್ಸಿಲ್ಲು, ಇವಕ್ಕೆಲ್ಲ ಬಾಯಿ ಬಿಡಬೇಕಲ್ಲವಾ?

ನಾಳೆಯಿಂದ ಮಾತಾಡು. ನಾನೇ ಹೇಳುತ್ತಿದ್ದೇನೆ, ಮಾತಾಡು.

ಚಿಕ್ಕಿ


ಡಿಸೆಂಬರ್ 29

ಪ್ರೀತಿಯ ಚಿಕ್ಕಿ,

ನಿನ್ನ ಕಾಗದ ಬಂದ ಮಾರನೆಯ ದಿನ ಮಾತಾಡೋಣ ಅಂತಲೇ ಹೋದೆ. ಹಾಜರಿ ಕರೆದಾಗ "ಇದ್ದೇನೆ" ಅಂದರೆ ಸಾಕಿತ್ತು. ಬಾಯಿ ತೆರೆದೆ. ಬರಲಿಲ್ಲ. ಮಿಷನ್ನಿನ ಬಾಬಿನ್ನಿನಲ್ಲಿ ನೂಲು ಸಿಕ್ಕಾದರೆ ಪೆಡಲ್ ತುಳಿದಷ್ಟೂ ಬಿಗಿಯುತ್ತದಲ್ಲ, ಹಾಗೆ. ಎಲ್ಲರೂ ತಿರುಗಿ ನೋಡಿದರು. ಒಬ್ಬ ಹುಡುಗ ಮೀನಿನ ಹಾಗೆ ಬಾಯಿ ಮಾಡಿ ತೋರಿಸಿದ. ಈಗ ನನ್ನನ್ನು ಎಲ್ಲರೂ ಮೀನು ಅನ್ನುತ್ತಾರೆ.

ಮೊದಲು ನಾನು ಮಾತಾಡುತ್ತಿರಲಿಲ್ಲ. ಈಗ ಮಾತಾಡಲು ಆಗುವುದಿಲ್ಲ. ಇವೆರಡೂ ಬೇರೆ ಬೇರೆ ಅಂತ ಯಾರಿಗೆ ಹೇಳಲಿ?

ಕೇಳೋ ಟೀಚರ್ ಇನ್ನೂ ಕರೆಯುತ್ತಾರೆ. ಅವರಿಗೂ ಸಾಕಾಗಿದೆ ಅನ್ನಿಸುತ್ತದೆ. ಮೊನ್ನೆ ಅವರೂ ಸುಮ್ಮನೆ ಕೂತಿದ್ದರು. ಪಿನ್ನು ಬಿದ್ದುಹೋಗಿ ತೋಳು ಜೋತುಬಿದ್ದಿತ್ತು.

ಗುಂಡಿ


ಜನವರಿ 16

ಕೇಳೋ ಟೀಚರ್ ಅವರಿಗೆ ನಮಸ್ಕಾರ.

ನಾನು ಗುಂಡಿಯ ಚಿಕ್ಕಮ್ಮ, ಅವಳ ತಾಯಿಯ ತಂಗಿ. ಬಟ್ಟೆ ಹೊಲಿಯುತ್ತೇನೆ. ಹೆಚ್ಚು ಓದಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ನಿಮಗೆ ಅರ್ಥವಾಗಬೇಕಾದರೆ ಗುಂಡಿಯೇ ನಿಮ್ಮ ಭಾಷೆಗೆ ತಿರುಗಿಸಬೇಕು. ಬಾಯಲ್ಲಿ ಬರದಿದ್ದರೆ ಬರೆದು ಕೊಡಲಿ. ಅವಳ ವಿಷಯವನ್ನು ಅವಳ ಬೆನ್ನ ಹಿಂದೆ ಹೇಳಬಾರದು ಅಂತಲೂ ಹೀಗೆ ಮಾಡಿದೆ.

ಅವಳಿಗೆ ಮಾತು ಬರುತ್ತದೆ. ಅಂಗಡಿಯಲ್ಲಿ ಅವಳ ಬಾಯಿ ಮುಚ್ಚಿಸಲು ನಾವು ಕಡಲೆ ಕೊಡುತ್ತಿದ್ದೆವು. ಬಾಯಿ ಬಿಡಬೇಡ ಅಂತ ಹೇಳಿ ಕಳಿಸಿದವಳು ನಾನು. ಮನೆಯ ವಿಷಯ ಹೊರಗೆ ಗೊತ್ತಾದರೆ ಮಗುವನ್ನು ತಾಯಿಯಿಂದ ಬಿಡಿಸುತ್ತಾರೆ ಅಂತ ಹೆದರಿದ್ದೆ. ಈಗಲೂ ಹೆದರಿಕೆ ಇದೆ. ಮನೆಯ ವಿಷಯ ಏನು ಅಂತ ನಾನು ಬರೆಯುವುದಿಲ್ಲ. ಅದನ್ನು ಅವಳು ಹೇಳಬೇಕು. ಹೇಳಿದರೆ ನೀವು ಏನು ಮಾಡುತ್ತೀರಿ ಅಂತ ಅದಕ್ಕೆ ಮೊದಲು ಅವಳಿಗೆ ತಿಳಿಸಿ. ನಾನು ಧೈರ್ಯ ಹೇಳಿದರೆ ಸಾಲದು, ನಾನು ಅಲ್ಲಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಯಾರೂ ಎದುರು ಕೂರಿಸಿಕೊಂಡು, ಕಣ್ಣು ನೋಡಿಕೊಂಡು, ನಿನಗೆ ಹೇಗನ್ನಿಸುತ್ತದೆ ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಏನೋ ತಪ್ಪು ಮಾಡಿದ್ದೇವೆ ಅಂತ ಅರ್ಥ. ಒಂಬತ್ತು ವರ್ಷ ಅವಳು ನನ್ನ ಹತ್ತಿರ ಮಾತಾಡಿದ್ದೆಲ್ಲ ಬಟ್ಟೆಯ ಅಂಚು ಮಡಚಿ ಹೊಲಿಯುತ್ತಾ. ನಾನು ಸೂಜಿ ನೋಡುತ್ತಿದ್ದೆ, ಅವಳು ನೂಲು ನೋಡುತ್ತಿದ್ದಳು. ಅವಳಿಗೆ ಜ್ವರ ಬಂದಿದ್ದು, ಲೆಕ್ಕದಲ್ಲಿ ಸೊನ್ನೆ ಬಂದಿದ್ದು, ಅಮ್ಮನ ಮುಖ ಮರೆತುಹೋಗಿದ್ದು, ಎಲ್ಲವೂ ನನಗೆ ಗೊತ್ತಾಗಿದ್ದು ಹಾಗೆಯೇ.

ನಿಮ್ಮ ಬಲತೋಳಿನ ಅಂಚು ಬಿಚ್ಚಿದೆಯಂತೆ. ಅದನ್ನು ಅವಳಿಗೆ ಕೊಡಿ. ಹೊಲಿಯುವಾಗ ಅವಳನ್ನು ನೋಡಬೇಡಿ. ಏನೂ ಕೇಳಬೇಡಿ. ನಿಮ್ಮ ಕೈಗೂ ಏನಾದರೂ ಕೆಲಸ ಇಟ್ಟುಕೊಳ್ಳಿ.

ಅವಳಿಗೆ ಇಲ್ಲೇ ಇರುವ ಆಸೆಯಿತ್ತು. ಹೋಗು ಅಂತ ಹೇಳಿದವಳೂ ನಾನೇ.

ಇಂತಿ,
ಹೊಲಿಗೆಯವಳು


ಫೆಬ್ರವರಿ 27

ಚಿಕ್ಕಿ,

ನಿನ್ನ ಕಾಗದವನ್ನು ತಿರುಗಿಸಿ ಬರೆಯಲು ನನಗೆ ಎರಡು ಸಂಜೆ ಬೇಕಾಯಿತು. ಕಡಲೆಯ ವಿಷಯ ಯಾಕೆ ಬರೆದೆ? ಒಂದು ಸಾಲು ಬಿಟ್ಟಿದ್ದೇನೆ. ಕೊನೆಯದು.

ಟೀಚರ್ ಓದಿ, ತಮ್ಮ ತೋಳು ನೋಡಿಕೊಂಡು, ಕೆಂಪಗಾಗಿ ಜೋರಾಗಿ ನಕ್ಕರು. ಮುಂದಿನ ಸಲ ಹೋದಾಗ ಎರಡು ಕುರ್ಚಿಗಳೂ ಕಿಟಕಿ ಕಡೆ ತಿರುಗಿದ್ದವು, ಬಸ್ಸಿನ ಸೀಟಿನ ಹಾಗೆ ಪಕ್ಕಪಕ್ಕದಲ್ಲಿ. ಕಾಗದದ ಪೆಟ್ಟಿಗೆ ಇರಲಿಲ್ಲ. ಸೂಜಿ, ನೂಲು, ಆ ಅಂಗಿ ಇದ್ದವು. ಅವರು ಪೆನ್ಸಿಲ್ಲುಗಳ ದೊಡ್ಡ ಡಬ್ಬ ತಂದು ಒಂದೊಂದನ್ನೇ ಚೂಪು ಮಾಡುತ್ತಾ ಕೂತರು.

ಮೊದಲು ಅವರೇ ಕಿಟಕಿಯ ಕಡೆ ನೋಡಿಕೊಂಡು ನಿಧಾನವಾಗಿ ಹೇಳಿದರು. "ಅಮ್ಮ ಕೆಲಸಕ್ಕೆ ಹೋಗೋದು ತಪ್ಪಲ್ಲ. ನೀನು ಏನೇ ಹೇಳಿದ್ರೂ ಬೇರೆ ಯಾರಿಗೂ ಹೇಳಲ್ಲ ಅಂತ ನಾನು ಮಾತು ಕೊಡೋಕಾಗಲ್ಲ. ಆದ್ರೆ ಯಾರಿಗೆ ಹೇಳ್ತೀನಿ, ಯಾಕೆ ಹೇಳ್ತೀನಿ ಅಂತ ಮೊದಲು ನಿನಗೆ ಹೇಳ್ತೀನಿ. ಅಮ್ಮನಿಗೆ ಸಹಾಯ ಮಾಡೋದೇ ಮೊದಲ ಕೆಲಸ." ನಂಬಬೇಕೋ ಬೇಡವೋ ಗೊತ್ತಾಗಲಿಲ್ಲ. ಎಲ್ಲದಕ್ಕೂ ಮಾತು ಕೊಟ್ಟಿದ್ದರೆ ನಂಬುತ್ತಿರಲಿಲ್ಲ.

ಹನ್ನೆರಡಲ್ಲ, ಹದಿನೇಳು ಹೊಲಿಗೆ ಬೇಕಾಯಿತು. ಗಂಟು ಹಾಕಿದ ಮೇಲೆ ನೂಲು ಉದ್ದ ಉಳಿಯಿತು. ನಾನು "ಕತ್ತರಿ" ಅಂದೆ.

ಅವರ ಭಾಷೆಯಲ್ಲೇ. ಮಾತು ಹೊರಗೆ ಬಂದ ಮೇಲೆ ನನಗೇ ಕೇಳಿಸಿತು. ಟೀಚರ್ ತಿರುಗಿ ನೋಡಲಿಲ್ಲ. ಕೈ ಮಾತ್ರ ಚಾಚಿ ಕತ್ತರಿ ಕೊಟ್ಟರು. ಅವರ ಕೈಯಲ್ಲಿದ್ದ ಪೆನ್ಸಿಲ್ಲಿನ ಮೊನೆ ಮುರಿದಿತ್ತು.

ಮೂರು ವಾರದಲ್ಲಿ ಅವರ ಎರಡು ಅಂಗಿ, ಒಂದು ಪರದೆ, ಯಾರದೋ ಚೀಲ ಮುಗಿದವು. ಬಚ್ಚಲಿನ ದೀಪದ ವಿಷಯ ಚೀಲ ಹೊಲಿಯುವಾಗ ಹೇಳಿದೆ.

ಗುಂಡಿ


ಮಾರ್ಚ್ 25

ತಂಗಿ,

ಟೀಚರ್ ಮನೆಗೆ ಬಂದಿದ್ದರು. ನಮ್ಮ ಭಾಷೆ ಬರುವ ಒಬ್ಬ ಹಿರಿಯ ಹೆಂಗಸನ್ನೂ ಜೊತೆಗೆ ಕರೆತಂದಿದ್ದರು, ಮಗಳು ನಡುವೆ ನಿಂತು ಮಾತು ತಿರುಗಿಸುವುದು ಬೇಡ ಅಂತ. ಮೆಟ್ಟಿಲು ಹತ್ತುವ ಸದ್ದು ಕೇಳಿ ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆಮೇಲೆ ನೋಡಿದರೆ ಅವಳ ಕೈಯಲ್ಲಿ ನನ್ನ ಉಗುರಿನ ಗುರುತು.

ಯಾರೂ ಕರೆದುಕೊಂಡು ಹೋಗಲಿಲ್ಲ. ಸಂಜೆ ಆರರವರೆಗೆ ಸ್ಕೂಲಿನಲ್ಲೇ ಒಂದು ಕೋಣೆ ತೆರೆದಿರುತ್ತದಂತೆ. ಆಸ್ಪತ್ರೆಗೆ ಅವರೇ ಒಂದು ಪತ್ರ ಬರೆದುಕೊಟ್ಟರು. ಏಪ್ರಿಲಿನಿಂದ ನನಗೆ ಬೆಳಗಿನ ಪಾಳಿ. ಬೇರೆ ಸ್ಕೂಲಿನ ಮಾತು ನಿಂತಿದೆ.

ನೀನು ಮಾಡಿದ ತಪ್ಪಿಗೆ ಬೈಯಬೇಕು ಅಂತ ಪೆನ್ನು ಹಿಡಿದೆ. ಆದರೆ ನಿನ್ನ ಜಾಗದಲ್ಲಿದ್ದರೆ ನಾನು ಕೂಡ ಅದನ್ನೇ ಹೇಳಿರುತ್ತಿದ್ದೆ.

ಅಕ್ಕ


ಮೇ 20

ಪ್ರೀತಿಯ ಚಿಕ್ಕಿ,

ಬರೆದು ತುಂಬಾ ದಿನವಾಯಿತು, ಕೋಪಿಸಿಕೊಳ್ಳಬೇಡ. ಸಂಜೆಯ ಕೋಣೆಯಲ್ಲಿ ಈಗ ಐದು ಜನ ಸೂಜಿ ಹಿಡಿಯುತ್ತಾರೆ. ಮೀನು ಅಂದಿದ್ದ ಹುಡುಗನೂ ಒಬ್ಬ. ಅವನ ಹೊಲಿಗೆ ನೋಡಿದರೆ ಮಾಸ್ಟರ್ ಕತ್ತರಿ ಬಿಚ್ಚಿಟ್ಟು ಓಡಿಹೋಗುತ್ತಾರೆ. ನನ್ನನ್ನು ಇನ್ನೂ ಮೀನು ಅಂತಲೇ ಕರೆಯುತ್ತಾನೆ. ಈಗ ನಾನೂ ತಿರುಗಿಸಿ ಬೈಯುತ್ತೇನೆ.

ಅಮ್ಮನಿಗೆ ಮನೆಯಲ್ಲೂ ಬಟ್ಟೆ ಮಡಚದೆ ಇರಲು ಆಗುವುದಿಲ್ಲ. ಹಾಸಿಗೆಯ ಬಟ್ಟೆಯ ಎರಡು ತುದಿ ನನ್ನ ಕೈಗೆ ಕೊಡುತ್ತಾಳೆ. ಜಾಡಿಸುವುದು, ಮಡಚುವುದು, ಹತ್ತಿರ ಬರುವುದು, ಮತ್ತೆ ದೂರ ಹೋಗುವುದು. ಮೊನ್ನೆ ಹಾಗೆ ಮಡಚುವಾಗ, ಇಲ್ಲಿಗೆ ಬಂದ ಮೊದಲ ವರ್ಷ ನನ್ನ ಹಳೆಯ ಫ್ರಾಕನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು ಅಂತ ಹೇಳಿದಳು. ಆಮೇಲೆ ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದೆವು.

ಇನ್ನೊಂದು ವಿಷಯ. ನಿನ್ನ ಕಾಗದದಲ್ಲಿ ನಾನು ಬಿಟ್ಟಿದ್ದ ಸಾಲನ್ನು ಹೋದ ವಾರ ಟೀಚರಿಗೆ ಹೇಳಿದೆ. ಆ ಸಾಲಿನ ಬಗ್ಗೆ ನನಗೆ ಏನನ್ನಿಸುತ್ತದೆ ಅಂತಲೂ ಹೇಳಿದೆ. ತುಂಬಾ ಹೊತ್ತು ಹೇಳಿದೆ. ಅದನ್ನು ನಿನಗೆ ಬರೆಯುವುದಿಲ್ಲ. ನಿನಗೆ ನೋವಾಗುತ್ತದೆ.

ನಿನ್ನ
ಗುಂಡಿ


ಜೂನ್ 8

ನನ್ನ ಗುಂಡಿ,

ಬರೆಯಬೇಡ. ನನಗೆ ಹೇಳದೆ ಇಟ್ಟುಕೊಂಡಿದ್ದು ಇದೇ ಮೊದಲು. ಇರಲಿ.

ಆದರೆ ನಾನು ನಿನಗೆ ಹೇಳದ ಒಂದು ವಿಷಯವಿದೆ. ಹೋದ ಸೆಪ್ಟೆಂಬರಿನಲ್ಲೇ ನೀನು ಕೇಳಿದ್ದೆ. ನಾನು ಮಾಸ್ಟರ ಕತ್ತರಿಯ ಕಥೆ ಬರೆದು ಜಾರಿಕೊಂಡೆ.

ಆ ಭಾನುವಾರ ಅಂಗಡಿ ಇರಲಿಲ್ಲ. ನಾನು ಎಲ್ಲಿಗೂ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡುವ ಕಿಟಕಿಯ ಪಕ್ಕ ಒಂದು ಕಂಬ ಇದೆಯಲ್ಲ, ಅದರ ಹಿಂದೆ ನಿಂತಿದ್ದೆ. ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂಗಡಿಯ ದಾರಿಯನ್ನೇ ನೋಡುತ್ತಿದ್ದೆ. ನಾನು ಈ ಕಡೆ ಇದ್ದೆ. ಒಂದು ಸಲ ಕೂಗಿದ್ದರೆ ನೀನು ತಿರುಗುತ್ತಿದ್ದೆ. ತಿರುಗಿದ್ದರೆ ನಾನು ಬಸ್ಸು ಹತ್ತಿ ನಿನ್ನನ್ನು ಇಳಿಸಿಕೊಂಡು ಬಂದುಬಿಡುತ್ತಿದ್ದೆ. ಬಾಯಿ ತೆರೆದೆ. ಬರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬರಲಿಲ್ಲ.

ಮನೆಗೆ ಹೋದ ಮೇಲೆ ನಿನ್ನ ತಟ್ಟೆಯನ್ನೂ ತೊಳೆದಿಟ್ಟೆ. ಆಮೇಲೆ ನೋಡಿದರೆ ಅದು ತೊಳೆದೇ ಇತ್ತು.

ಸ್ಟೂಲಿನ ಮೇಲೆ ಮಾಸ್ಟರ್ ನಿನ್ನೆ ನೂಲಿನ ಪೆಟ್ಟಿಗೆ ಇಟ್ಟರು. ಕಾಲು ಗಟ್ಟಿಯಾಗಿಯೇ ಇದೆ.

ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೂರಬೇಡ. ಹೊಲಿಯುವಾಗ ಟೀಚರಿಗೆ ಓದಿ ಹೇಳು. ಈ ಸಲ ಯಾವ ಸಾಲನ್ನೂ ಬಿಡಬೇಡ.

ನಿನ್ನ
ಚಿಕ್ಕಿ